ಔಷಧದ ಚೀಟಿಯಲ್ಲಿ ಸೊಪ್ಪು ತರಕಾರಿ

ಅಮೆರಿಕದ ಕೆಲವು ಆಸ್ಪತ್ರೆಗಳಲ್ಲಿ ಬಡ ರೋಗಿಗಳಿಗೆ ಗುಳಿಗೆಗಳೊಡನೆ ಸೊಪ್ಪು, ತರಕಾರಿ, ಹಣ್ಣುಗಳನ್ನೂ ಚೀಟಿಯಲ್ಲಿ ಬರೆದುಕೊಡುತ್ತಾರಂತೆ. ಇದು ವೈದ್ಯಶಾಸ್ತ್ರವೋ ಅಥವಾ ದಾನಕ್ಕೆ ಹಾಕಿದ ವೈದ್ಯವೇಷವೋ ಎಂದು ಓದುಗರೊಬ್ಬರು ಕೇಳಿದ್ದಾರೆ. ಎರಡರ ಅಂಶವೂ ಇದರಲ್ಲಿ ಉಂಟು. ಯಾವ ರೋಗಕ್ಕಾಗಿ ಚೀಟಿಯನ್ನು ಬರೆದರೆಂಬುದನ್ನು ನೋಡಿ ಉತ್ತರ ಹೇಳಬೇಕಾಗುತ್ತದೆ.

ಈ ಪದ್ಧತಿಯ ಮೂಲಪುರುಷನೆಂದು ಒಬ್ಬನನ್ನು ಹೆಸರಿಸುವುದಾದರೆ ಅವನು ಜ್ಯಾಕ್ ಗೈಗರ್ ಎಂಬ ವೈದ್ಯ. ವಿದ್ಯಾರ್ಥಿದೆಸೆಯಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಿ, ಫೊಲೆಲಾ ಪ್ರಾಂತದಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ದಂಪತಿಗಳು ಕಟ್ಟಿದ್ದ ಆರೋಗ್ಯಕೇಂದ್ರದ ಕಾರ್ಯವನ್ನು ಕಣ್ಣಾರೆ ಕಂಡು, ರೋಗವು ದೇಹದಲ್ಲಿ ತೋರಿದರೂ ಅದರ ಬೇರು ಅನೇಕ ವೇಳೆ ಹೊಲದಲ್ಲಿಯೂ ಅಡಿಗೆಮನೆಯಲ್ಲಿಯೂ ಕುಡಿಯುವ ನೀರಿನಲ್ಲಿಯೂ ಇರುವುದೆಂದು ಮನಗಂಡ ಈತನು, 1960ರ ದಶಕದ ಉತ್ತರಾರ್ಧದಲ್ಲಿ ಮಿಸಿಸಿಪಿ ರಾಜ್ಯದ ಮೌಂಡ್ ಬೇಯೂ ಎಂಬ ಊರಿನಲ್ಲಿ ಸಂಗಡಿಗರೊಡನೆ ಒಂದು ಆರೋಗ್ಯಕೇಂದ್ರವನ್ನು ತೆರೆದನು. ಹತ್ತಿ ಬಿಡಿಸುವ ಯಂತ್ರಗಳು ಬಂದು ಕೂಲಿಯನ್ನು ಕಳೆದುಕೊಂಡಿದ್ದ ಆಫ್ರಿಕನ್ ಮೂಲದ ಕುಟುಂಬಗಳ ಮಕ್ಕಳು ಹಸಿವಿನಿಂದ ಸೊರಗಿ ಅಲ್ಲಿಗೆ ಬರುತ್ತಿದ್ದರು. ವೈದ್ಯರು ಅವರಿಗೆ ಹಾಲು, ಮಾಂಸ, ತರಕಾರಿ, ಹಣ್ಣುಗಳನ್ನು ಚೀಟಿಯಲ್ಲಿ ಬರೆದರು. ದಿನಸಿ ಅಂಗಡಿಯವರು ಚೀಟಿಯಂತೆ ಸಾಮಾನು ಕೊಟ್ಟು ಲೆಕ್ಕವನ್ನು ಕೇಂದ್ರಕ್ಕೆ ಕಳುಹಿಸಿದರು. ಕೇಂದ್ರವು ಅದನ್ನು ಔಷಧದ ಬಾಬಿನಿಂದ ತೀರಿಸಿತು. ಔಷಧದ ಹಣವು ರೋಗದ ಚಿಕಿತ್ಸೆಗೆ ಮೀಸಲಲ್ಲವೇ ಎಂದು ಮೇಲಿನ ಅಧಿಕಾರಿಗಳು ಆಕ್ಷೇಪಿಸಲಾಗಿ, ತಾನು ಓದಿದ ಗ್ರಂಥಗಳ ಪ್ರಕಾರ ಅಪೌಷ್ಟಿಕತೆಗೆ ಚಿಕಿತ್ಸೆಯೆಂದರೆ ಆಹಾರವೇ ಎಂದು ಗೈಗರ್ ಉತ್ತರಿಸಿದನಂತೆ. ಮುಂದೆ ಅಲ್ಲಿನ ಜನರೇ ಸಹಕಾರ ಕೃಷಿಸಂಘವೊಂದನ್ನು ಕಟ್ಟಿ, ಹತ್ತಿ ಬೆಳೆದು ಬಳಲಿದ್ದ ಕೈಗಳಿಂದಲೇ ತಮ್ಮ ಊಟಕ್ಕೆ ಬೇಕಾದ ತರಕಾರಿಯನ್ನು ಬೆಳೆದುಕೊಂಡರು.

ಅಂದಿನ ರೋಗ ಅಭಾವ. ಇಂದು ಅದೇ ದೇಶದಲ್ಲಿ ತರಕಾರಿಯ ಚೀಟಿಯನ್ನು ಬರೆಯುವುದು ಬಹುಮಟ್ಟಿಗೆ ಮಧುಮೇಹ, ರಕ್ತದ ಒತ್ತಡ, ಬೊಜ್ಜುಗಳಿಗೆ. ಇವುಗಳಿಗೂ ಬಡತನಕ್ಕೂ ನಂಟಿಲ್ಲದಿಲ್ಲ. ಕ್ಯಾಲಿಫೋರ್ನಿಯದ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು, ರಕ್ತದ ಸಕ್ಕರೆ ಅಪಾಯಕರವಾಗಿ ಇಳಿದು ದಾಖಲಾಗುವ ಬಡವರ ಸಂಖ್ಯೆಯು ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ ನೂರಕ್ಕೆ 27ರಷ್ಟು ಹೆಚ್ಚುವುದೆಂದು 2014ರಲ್ಲಿ ಪ್ರಕಟಿಸಿದರು. ಕೈಯ ಹಣ ಮುಗಿದು ಊಟ ತಪ್ಪುತ್ತದೆ, ಔಷಧ ತಪ್ಪುವುದಿಲ್ಲ. ಆಗ ಔಷಧವೇ ಅಪಾಯವಾಗುತ್ತದೆ.

ಇಷ್ಟರಿಂದ ಚೀಟಿಯು ಮಧುಮೇಹವನ್ನೂ ರಕ್ತದ ಒತ್ತಡವನ್ನೂ ಇಳಿಸುವುದೆಂದು ಸಿದ್ಧವಾಯಿತೇ? 2023ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು 12 ರಾಜ್ಯಗಳ 22 ಸ್ಥಳಗಳಲ್ಲಿ ಹಣ್ಣು ತರಕಾರಿಯ ಸಹಾಯ ಪಡೆದ 3,881 ಮಂದಿಯನ್ನು ಗಮನಿಸಿ, ರಕ್ತದ ಒತ್ತಡ ಹೆಚ್ಚಿದ್ದ ವಯಸ್ಕರಲ್ಲಿ ಮೇಲಿನ ಅಂಕವು ಸುಮಾರು 8ರಷ್ಟು ಇಳಿದುದನ್ನು ತಿಳಿಸಿತು; ಪತ್ರಿಕೆಗಳು ಸಂಭ್ರಮಿಸಿದುವು. ಆದರೆ ಸಹಾಯ ಪಡೆಯದವರ ಗುಂಪೊಂದು ಆ ಸಮೀಕ್ಷೆಯಲ್ಲಿರಲಿಲ್ಲ. ನಮ್ಮ ಊರುಗಳಲ್ಲಿ ಬೇಸಿಗೆಯ ಕೊನೆಗೆ ಬಾವಿಗಳೆಲ್ಲ ಬತ್ತಿದಾಗ ಪರ್ಜನ್ಯ ಜಪವನ್ನು ಮಾಡಿಸುವುದುಂಟು. ಕೆಲವು ದಿನಗಳಲ್ಲಿ ಮೃಗಶಿರಾ ಮಳೆ ಬೀಳುತ್ತದೆ, ಬಾವಿಯಲ್ಲಿ ನೀರೇರುತ್ತದೆ, ಜಪ ಫಲಿಸಿತೆಂದು ಜನರು ಸಂತೋಷಿಸುತ್ತಾರೆ. ಜಪ ಮಾಡಿಸದ ಪಕ್ಕದ ಊರಿನ ಬಾವಿಯನ್ನು ಇಣಿಕಿ ನೋಡುವವರೆಗೆ ಈ ಸಂತೋಷಕ್ಕೆ ಭಂಗವಿಲ್ಲ. ರೋಗಿಗಳೂ ಸಾಮಾನ್ಯವಾಗಿ ರೋಗವು ಉಲ್ಬಣಿಸಿದಾಗಲೇ ವೈದ್ಯರ ಬಳಿಗೆ ಬರುವವರು. ಕಾಲಕ್ರಮದಿಂದಲೂ ಇತರ ಔಷಧಗಳಿಂದಲೂ ಅಂಕವು ತಾನಾಗಿಯೇ ಕೆಲಮಟ್ಟಿಗೆ ಇಳಿಯಬಹುದು.

ಪಕ್ಕದ ಊರನ್ನೂ ನೋಡಿದ ಪರೀಕ್ಷೆಯೊಂದು ಅದೇ ವರ್ಷದ ಕೊನೆಗೆ ಪ್ರಕಟವಾಯಿತು. ಸಕ್ಕರೆ ಏರಿದ್ದ, ಊಟಕ್ಕೆ ನೆಚ್ಚಿಕೆಯಿಲ್ಲದ 465 ಮಂದಿಯನ್ನು ಎರಡು ಗುಂಪಾಗಿ ವಿಂಗಡಿಸಿ, ಒಂದು ಗುಂಪಿನವರ ಮನೆಗೆ ವಾರಕ್ಕೆ ಹತ್ತು ಊಟಗಳಿಗಾಗುವಷ್ಟು ಒಳ್ಳೆಯ ಸಾಮಗ್ರಿಯನ್ನೂ ಆಹಾರತಜ್ಞರ ಸಲಹೆಯನ್ನೂ ಒದಗಿಸಿದರು. ಆರು ತಿಂಗಳ ತರುವಾಯ ರಕ್ತದ ಸಕ್ಕರೆಯ ಮಟ್ಟವನ್ನು ತೋರಿಸುವ ಅವರ ಎಚ್‌ಬಿಎ1ಸಿ ಅಂಕ 1.5ರಷ್ಟು ಇಳಿದಿತ್ತು, ಈ ಸಹಾಯವನ್ನು ಪಡೆಯದೆ ಸರದಿಯಲ್ಲಿ ಕಾದಿದ್ದವರದು 1.3ರಷ್ಟು ಇಳಿದಿತ್ತು. ಈ ಅಂತರವು ಗಣನೆಗೆ ಬರುವಂಥದಲ್ಲ.

ಹಾಗೆಂದು ಗೈಗರನ ಮಾತು ಸುಳ್ಳಾಗಲಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು ಸಂಗಡಿಗರೊಡನೆ ಜಾರ್ಖಂಡದಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕ್ಷಯರೋಗಿಗಳೆಲ್ಲರಿಗೂ ಆಹಾರವನ್ನು ಕೊಟ್ಟು, ಒಂದು ಗುಂಪಿನಲ್ಲಿ ಮಾತ್ರ ಮನೆಮಂದಿಗೂ ಅಕ್ಕಿ, ಬೇಳೆ ಮೊದಲಾದುವನ್ನು ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲಿದವರ ಪ್ರಮಾಣ ನೂರಕ್ಕೆ 39ರಷ್ಟು ಕಡಿಮೆಯಾಯಿತು. ಅಲ್ಲಿಯ ಕೊರತೆ ಅನ್ನದ್ದು, ಕೊಟ್ಟದ್ದೂ ಅನ್ನವೇ.

ಆದಕಾರಣ ಅಭಾವವೇ ರೋಗವಾಗಿರುವಲ್ಲಿ ಆಹಾರವು ನಿಸ್ಸಂಶಯವಾಗಿ ಔಷಧ. ಹಲವು ವರ್ಷಗಳಿಂದ ದೇಹದಲ್ಲಿ ಬೇರೂರಿದ ಮಧುಮೇಹವನ್ನು ಆರು ತಿಂಗಳ ತರಕಾರಿಯಿಂದ ಹತೋಟಿಗೆ ತರುವೆವೆಂಬುದು, ಇದುವರೆಗಿನ ಸಾಕ್ಷ್ಯವನ್ನು ಮೀರಿದ ಆಶ್ವಾಸನೆ. ಆದರೆ ಆ ಚೀಟಿಯಿಂದ ತಿಂಗಳ ಕೊನೆಯ ವಾರದಲ್ಲಿ ಊಟ ತಪ್ಪದಿದ್ದರೆ ಅದೇನು ಸಣ್ಣ ಲಾಭವಲ್ಲ. ಫಲವನ್ನು ಅಳೆಯುವವರು ಸಕ್ಕರೆಯ ಅಂಕದೊಡನೆ ಅದನ್ನೂ ಅಳೆಯತಕ್ಕದ್ದು.