15 ಹಾಳೆ, 43 ವರ್ಷ

ಮೇಜಿನ ಮೇಲೆ ಮೂರು ಹಾಳೆ ಇಟ್ಟುಕೊಳ್ಳಿ. ಮೂರನ್ನೂ ಒಂದೇ ಕಟ್ಟು ಮಾಡಬಹುದು, ಮೂರನ್ನೂ ಬೇರೆಬೇರೆ ಇಡಬಹುದು, ಇಲ್ಲವೇ ಎರಡನ್ನು ಜೋಡಿಸಿ ಒಂದನ್ನು ಹೊರಗಿಡಬಹುದು. ಈ ಕೊನೆಯದಕ್ಕೇ ಮೂರು ದಾರಿ. ಒಟ್ಟು 5. ನಾಲ್ಕು ಹಾಳೆಗೆ 15, ಐದಕ್ಕೆ 52. ಹತ್ತಕ್ಕೆ ಬಂದರೆ 1,15,975! ಸೆಕೆಂಡಿಗೆ ಒಂದು ವಿಂಗಡಣೆಯಂತೆ ನೋಡುತ್ತ ಹೋದರೂ ಒಂದು ಹಗಲು, ಒಂದು ರಾತ್ರಿ ಕಳೆದು ಇನ್ನೂ ಎಂಟು ಗಂಟೆ ಬೇಕು.

15 ಹಾಳೆಗೆ ಈ ಲೆಕ್ಕ 138 ಕೋಟಿ ದಾಟುತ್ತದೆ. ಊಟ ನಿದ್ದೆ ಬಿಟ್ಟು ಕೂತರೂ 43 ವರ್ಷಕ್ಕೆ ಮುಗಿಯದು. ಇಪ್ಪತ್ತೆರಡನೆಯ ವಯಸ್ಸಿಗೆ ಕೆಲಸ ಶುರುಮಾಡಿದ ಸಂಶೋಧಕನ ಇಡೀ ವೃತ್ತಿಜೀವನ ಹದಿನೈದೇ ಹಾಳೆಗೆ ಸರಿಹೋಯಿತು. 20 ಹಾಳೆಗೆ 16 ಲಕ್ಷ ವರ್ಷ. 100 ಹಾಳೆಗೆ ಬರುವುದು 116 ಅಂಕಿಗಳ ಸಂಖ್ಯೆ. ಕಾಣುವ ವಿಶ್ವದ ಪರಮಾಣುಗಳ ಎಣಿಕೆಗೆ ಸುಮಾರು 80 ಅಂಕಿ ಸಾಕು. ಆ ವಿಂಗಡಣೆಗಳನ್ನು ಪರಮಾಣುಗಳಿಗೆ ಹಂಚಿದರೆ ಒಂದೊಂದರ ಪಾಲಿಗೂ 30ಕ್ಕೂ ಹೆಚ್ಚು ಅಂಕಿಗಳಷ್ಟು ಬರುತ್ತವೆ. ಗಣಿತದಲ್ಲಿ ಇವು ಬೆಲ್ ಸಂಖ್ಯೆಗಳು.

ರಾಜಕೀಯ ಸಂಸ್ಥೆಗಳನ್ನು ಅಧ್ಯಯನ ಮಾಡುವವರಿಗೆ ಹೀಗೆ ವಿಂಗಡಿಸುವುದು ನಿತ್ಯದ ಕೆಲಸ. ಶಾಸಕರ ಮಾತುಗಳನ್ನು ಓದಿ, ಇಂಥವು ಇಂಥ ಕಟ್ಟಿಗೆ ಎಂದು ಬೇರ್ಪಡಿಸಬೇಕು. ಡೇವಿಡ್ ಮೇಹ್ಯೂ 1974ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಬಗ್ಗೆ ಬರೆದ ಪುಸ್ತಕದಲ್ಲಿ ಮೂರು ಕಟ್ಟು ಮಾಡಿದ್ದರು: ನನ್ನ ಹೆಸರು ನೆನಪಿರಲಿ ಎನ್ನುವುದು, ಇದನ್ನು ನಾನೇ ಮಾಡಿಸಿದ್ದು ಎನ್ನುವುದು, ನನ್ನ ನಿಲುವು ಇದು ಎನ್ನುವುದು. ಎಷ್ಟು ಸರಿಯಾಗಿ ಕೂತಿತ್ತೆಂದರೆ, ದಶಕಗಳ ಕಾಲ ವಿದ್ವಾಂಸರು ಆ ಮೂರರಲ್ಲೇ ಯೋಚಿಸಿದರು.

ಜಸ್ಟಿನ್ ಗ್ರಿಮ್ಮರ್ ಹಾರ್ವರ್ಡಿನಲ್ಲಿ ಗ್ಯಾರಿ ಕಿಂಗ್ ಅವರ ಶಿಷ್ಯರಾಗಿದ್ದವರು; ಈಗ ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕ. 2011ರಲ್ಲಿ ಇಬ್ಬರೂ ಪ್ರಕಟಿಸಿದ ಪ್ರಬಂಧ ಹೊರಟಿದ್ದೇ ಈ ಸಂಖ್ಯೆಗಳ ಎದುರು ನಿಂತು. ಎಲ್ಲ ವಿಂಗಡಣೆಗಳನ್ನೂ ನೋಡಲು ಯಾವ ಕಂಪ್ಯೂಟರಿಗೂ ಆಗದು. ಹಾಗಾಗಿ ಗೊತ್ತಿರುವ ಹಲವಾರು ವಿಧಾನಗಳಿಂದ ಒಂದೇ ಕಾಗದಗಳನ್ನು ವಿಂಗಡಿಸಿ, ಒಂದನ್ನೊಂದು ಹೋಲುವ ವಿಂಗಡಣೆಗಳು ಹತ್ತಿರ ಬರುವಂತೆ ನಕ್ಷೆ ಬರೆಸಿದರು. ಆ ನಕ್ಷೆಯ ಮೇಲೆ ಅಡ್ಡಾಡುತ್ತ, ಯಾವ ಕಟ್ಟಿನಲ್ಲಿ ಹುರುಳಿದೆ ಎಂದು ಹುಡುಕುವುದು ಮನುಷ್ಯನ ಕಣ್ಣಿನ ಕೆಲಸ. ನನ್ನನ್ನು ಹೆಚ್ಚು ಸೆಳೆದದ್ದು ಈ ಪಾಲುಗಾರಿಕೆ.

ಅವರು ತೆಗೆದುಕೊಂಡದ್ದು ನ್ಯೂಜೆರ್ಸಿಯ ಸೆನೆಟರ್ ಫ್ರಾಂಕ್ ಲಾಟೆನ್‌ಬರ್ಗ್ ಅವರ 200 ಪತ್ರಿಕಾ ಹೇಳಿಕೆ. ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಈ ಡೆಮಾಕ್ರಟಿಕ್ ಮುಖಂಡರು, ತಾವು ಸಮವಸ್ತ್ರ ತೊಡದೆ ಯುದ್ಧಕ್ಕೆ ಹುರಿದುಂಬಿಸುವ ರಿಪಬ್ಲಿಕನ್ನರನ್ನು ‘ಚಿಕನ್‌ಹಾಕ್’ ಎಂದು ಹಂಗಿಸಿದವರು. ನಕ್ಷೆಯ ಒಂದು ಮೂಲೆಯಲ್ಲಿ ಇಂಥ ಮಾತುಗಳೇ ಗುಂಪುಗೂಡಿದ್ದವು. ಹೆಸರಿಗಾಗಿ ಆಡಿದ್ದಲ್ಲ, ಕೆಲಸ ಹೇಳಿಕೊಂಡದ್ದಲ್ಲ, ನಿಲುವೂ ಅಲ್ಲ. ಎದುರು ಪಕ್ಷದ ಮೂದಲಿಕೆ. ಮೇಹ್ಯೂ ಅವರ ಮೂರಕ್ಕೂ ಸೇರದ ನಾಲ್ಕನೆಯ ಕಟ್ಟು.

ಒಬ್ಬರ ಬಾಯಿಗುಣವೋ ಸಭೆಯ ಗುಣವೋ ತಿಳಿಯಬೇಕಲ್ಲ. ಎಲ್ಲ ಸೆನೆಟರುಗಳ 64,033 ಹೇಳಿಕೆಗಳಲ್ಲಿ ಇದನ್ನು ಹುಡುಕಿಸಿದರು. ಹೇಳಿಕೆಗೆ ಐದು ನಿಮಿಷದಂತೆ ದಿನಕ್ಕೆ ಎಂಟು ಗಂಟೆ ಓದಿದರೆ, ರಜೆಯಿಲ್ಲದೆ 667 ದಿನ. ಓದಿ ಮುಗಿಸಬಹುದು, ಮುಗಿಯದಿರುವುದು ವಿಂಗಡಣೆ. ಸೆನೆಟರುಗಳ ಹೇಳಿಕೆಗಳಲ್ಲಿ ಸರಾಸರಿ ನೂರಕ್ಕೆ 27 ಮೂದಲಿಕೆಯವೇ ಆಗಿದ್ದವು.