ತೊಗರಿಯ ಕಾಯಿಕೊರಕ: ಜೈವಿಕ ವಿಧಾನಗಳ ಸಂಯೋಜನೆ ಮತ್ತು ಜನಪದ ಜ್ಞಾನ

ಕೃಷಿ ಸಂಬಂಧಿ ಜನಪದ ಜ್ಞಾನವೆಂದರೆ ಗಾದೆ, ಹಾಡು, ಆಚರಣೆಗಳ ಸಂಗ್ರಹವೆಂದು ಭಾವಿಸುವ ರೂಢಿ ನಮ್ಮ ಅಧ್ಯಯನಗಳಲ್ಲಿದೆ. ಆ ಜ್ಞಾನವು ಹೊಲದಲ್ಲಿ ಹೇಗೆ ಕಾರ್ಯನಿರ್ವಹಿಸುತ್ತದೆ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಕಲಬುರಗಿ, ಬೀದರ ಭಾಗದ ತೊಗರಿಗೆ ತಗಲುವ ಕಾಯಿಕೊರಕ ಹುಳುವಿನ ನಿರ್ವಹಣೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. 1997-98ರಲ್ಲಿ ಈ ಹುಳುವಿನ ಹಾವಳಿ ಹಾಗೂ ಅಕಾಲಿಕ ಮಳೆಯಿಂದ ಬೆಳೆ ನಾಶವಾಗಿ, ಸಾಲದಲ್ಲಿ ಸಿಲುಕಿದ್ದ ರೈತರ ಆತ್ಮಹತ್ಯೆಗಳು ನಾಡನ್ನೇ ತಲ್ಲಣಗೊಳಿಸಿದವು. ಈ ಹುಳು ಅನೇಕ ಕೀಟನಾಶಕಗಳನ್ನು ತಾಳಿಕೊಳ್ಳುವ ಶಕ್ತಿ ಪಡೆದಿರುವುದರಿಂದ ಪರ್ಯಾಯ ವಿಧಾನಗಳು ಅನಿವಾರ್ಯವಾಗಿವೆ.

ಯಾವುದೇ ಒಂದು ಜೈವಿಕ ವಿಧಾನ ಹುಳುವಿನ ಎಲ್ಲ ಹಂತಗಳಿಗೂ ಸಾಲದು. ಪತಂಗ ಮೊಟ್ಟೆಯಿಡುವ ಕಾಲಕ್ಕೆ ಶೇ. 5ರ ಬೇವಿನ ಬೀಜದ ಕಷಾಯ ಉಪಯುಕ್ತ. ಮೊಟ್ಟೆಯನ್ನೇ ನಾಶಮಾಡುವ ಟ್ರೈಕೋಗ್ರಾಮ ಕಣಜವು ಅನ್ಯ ಬೆಳೆಗಳಲ್ಲಿ ಯಶಸ್ವಿಯಾದರೂ, ತೊಗರಿಯ ರೋಮ ಮತ್ತು ಅಂಟುಸ್ರಾವಗಳ ನಡುವೆ ಅಷ್ಟಾಗಿ ಫಲಿಸದು. ಮರಿಹುಳುಗಳಿಗೆ ಎನ್.ಪಿ.ವಿ. ಎಂಬ ನಂಜಾಣು ಮಾರಕ. ಹೆಕ್ಟೇರಿಗೆ 250 ಎಲ್.ಇ. ಪ್ರಮಾಣದಲ್ಲಿ ಇದನ್ನು ಸಂಜೆ ಸಿಂಪಡಿಸಬೇಕು; ಬಿಸಿಲಿನ ನೇರಳಾತೀತ ಕಿರಣಗಳು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ರೋಗ ತಗುಲಿದ ಹುಳುಗಳು ಗಿಡದ ತುದಿಗೇರಿ ತಲೆಕೆಳಗಾಗಿ ಜೋತುಬಿದ್ದು ಸಾಯುತ್ತವೆ. ಬಲಿತ ಹುಳುಗಳಿಗೆ ನಂಜಾಣು ಸುಲಭವಾಗಿ ನಾಟದು. ಅಲ್ಲಿ ರೈತರ ಹಳೆಯ ಉಪಾಯವೇ ನೆರವಿಗೆ ಬರುತ್ತದೆ: ಗಿಡವನ್ನು ಅಲುಗಾಡಿಸಿ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಉದುರಿದ ಹುಳುಗಳನ್ನು ಆರಿಸಿ ನಾಶಪಡಿಸುವುದು.

ಈ ವಿಧಾನಗಳು ಪರಸ್ಪರ ಪೂರಕವೂ ಆಗಿವೆ. ಹೊಲದಲ್ಲಿ ಕವಲು ಕೋಲುಗಳನ್ನು ನೆಟ್ಟರೆ ಕಾಜಾಣದಂತಹ ಹಕ್ಕಿಗಳು ಕುಳಿತು ಹುಳುಗಳನ್ನು ತಿನ್ನುತ್ತವೆ. ರೋಗಪೀಡಿತ ಹುಳು ತಿಂದ ಹಕ್ಕಿಯ ಹಿಕ್ಕೆಯಲ್ಲಿ ನಂಜಾಣು ಜೀವಂತವಾಗಿಯೇ ಹೊರಬಂದು ಬೇರೆಡೆಗೂ ಹರಡುತ್ತದೆ. ನಡುವೆ ತೀವ್ರ ವಿಷ ಸಿಂಪಡಿಸಿದರೆ ಉಪಕಾರಿ ಕೀಟಗಳು ಮೊದಲು ಸತ್ತು ಈ ಸರಪಳಿ ಕಡಿಯುತ್ತದೆ.

ಎಳ್ಳಮಾವಾಸ್ಯೆಯಂದು ಈ ಸೀಮೆಯ ರೈತರು ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಇದು ಭೂತಾಯಿಗೆ ಸಲ್ಲಿಸುವ ಎಡೆ. ಇದನ್ನೇ ಕೀಟನಿಯಂತ್ರಣವೆಂದು ಸಾರುವುದು ಅತಿವ್ಯಾಖ್ಯಾನವಾದೀತು. ಆದರೆ ಚೆಲ್ಲಿದ ಅನ್ನಕ್ಕೆ ಹಕ್ಕಿಗಳು ಇಳಿಯುವುದೂ, ಬೆಳೆಯಲ್ಲಿ ಅನ್ಯ ಜೀವಿಗಳಿಗೂ ಪಾಲುಂಟೆಂಬ ಭಾವ ಅದರಲ್ಲಿರುವುದೂ ನಿಜ. ಆದ್ದರಿಂದ ಆಚರಣೆಯನ್ನು ದಾಖಲಿಸುವ ಜಾನಪದ ವಿದ್ವಾಂಸರು ಗಿಡ ಅಲುಗಾಡಿಸುವ ಕೈಗಳ ಅರಿವನ್ನೂ ದಾಖಲಿಸಬೇಕು. ಕೃಷಿವಿಜ್ಞಾನಿಗಳು ಆ ಅರಿವನ್ನು ಹೊಲದಲ್ಲಿ ಪರೀಕ್ಷಿಸಬೇಕು. ಇವೆರಡೂ ಕೂಡಿದಾಗ ಮಾತ್ರ ಸಂಯೋಜಿತ ನಿಯಂತ್ರಣ ರೈತನ ಕೈಗೆ ನಿಲುಕುತ್ತದೆ.