ನೊಬೆಲ್ ಅವರ ಮನೆ ಯಾವುದು?

ಡೈನಮೈಟ್ ಕಂಡುಹಿಡಿದ ಆಲ್‌ಫ್ರೆಡ್ ನೊಬೆಲ್ 1896ರ ಡಿಸೆಂಬರ್ 10ರಂದು ಇಟಲಿಯ ಸ್ಯಾನ್ ರೆಮೊದಲ್ಲಿ ತೀರಿಕೊಂಡರು. ಆಸ್ತಿಯನ್ನು ಮಾರಿ, ಹಣವನ್ನು ಭದ್ರವಾಗಿ ತೊಡಗಿಸಿ, ಅದರ ಬಡ್ಡಿಯಲ್ಲಿ ವರ್ಷವರ್ಷವೂ ಬಹುಮಾನ ಕೊಡಬೇಕೆಂದು ಅವರ ಉಯಿಲು ಹೇಳಿತ್ತು. ಕೆಲವು ಬಂಧುಗಳು ಒಪ್ಪಲಿಲ್ಲ. ಪ್ಯಾರಿಸ್, ಸ್ಯಾನ್ ರೆಮೊ, ಸ್ವೀಡನ್ನಿನ ಬ್ಯೋರ್ಕ್‌ಬೋರ್ನ್ ಮೂರು ಕಡೆಯೂ ಮನೆಗಳಿದ್ದವು. ಇವುಗಳಲ್ಲಿ ಸ್ವಂತ ವಾಸದ ಮನೆ ಯಾವುದೋ ಆ ದೇಶದ ನ್ಯಾಯಾಲಯವೇ ಉಯಿಲನ್ನು ಊರ್ಜಿತಗೊಳಿಸಬೇಕು!

ಉಯಿಲು ಜಾರಿಯ ಹೊಣೆ ಹೊತ್ತ ತರುಣ ರಾಗ್ನರ್ ಸೋಲ್ಮನ್, ಫ್ರಾನ್ಸಿನಲ್ಲಿ ಜಪ್ತಿಯಾದೀತೆಂದು ಅಂಜಿ, ಪ್ಯಾರಿಸ್ಸಿನಲ್ಲಿದ್ದ ಷೇರುಪತ್ರಗಳನ್ನು ಕುದುರೆಗಾಡಿಯಲ್ಲಿ ಪಿಸ್ತೂಲು ಹಿಡಿದು ಸಾಗಿಸಿದರು. ಕೊನೆಗೆ ಬ್ಯೋರ್ಕ್‌ಬೋರ್ನ್ ಮನೆಗೇ ಮನ್ನಣೆ ಸಿಕ್ಕಿತು. ಅಣ್ಣನ ಮಗ ಎಮಾನ್ಯುಯೆಲ್ ತಮ್ಮ ಪಾಲಿನ ಆಸೆ ಬಿಟ್ಟು ಉಯಿಲಿನ ಪರ ನಿಂತರು. 1898ರಲ್ಲಿ ರಾಜಿಯಾಯಿತು, 1901ರಲ್ಲಿ ಮೊದಲ ಬಹುಮಾನಗಳು ಬಂದವು. 1930ರಲ್ಲಿ ಸರ್ ಸಿ.ವಿ. ರಾಮನ್ ಅವರ ಕೈ ಸೇರಿದ್ದೂ ಇದೇ ನಿಧಿಯ ಬಡ್ಡಿ.